ಮನೆ ಮೊಸರಿನ ಬ್ಯಾಕ್ಟೀರಿಯಾಗಳಲ್ಲಿ ಆ್ಯಂಟಿಬಯಾಟಿಕ್ ನಿರೋಧಕತೆ: ಕಾಲೇಜು ಪ್ರಯೋಗಾಲಯದಲ್ಲೇ ಅಳೆಯುವ ಸಮಗ್ರ ಮಾರ್ಗದರ್ಶಿ

ಪ್ರಾಜೆಕ್ಟಿನ ದಿನಗಳು ಬಂದವೆಂದರೆ ವಿಜಯಪುರದ ನಮ್ಮ ಪ್ರಯೋಗಾಲಯದ ಫ್ರಿಜ್ಜಿನಲ್ಲಿ ಮೊಸರಿನ ಡಬ್ಬಿಗಳು ಸಾಲುಗಟ್ಟುತ್ತವೆ. ಇಂಡಿ ಊರಿನದೊಂದು, ತಿಕೋಟಾದ್ದೊಂದು, ಜಮಖಂಡಿಯ ಅಜ್ಜಿಯೊಬ್ಬರು ಮಣ್ಣಿನ ಗಡಿಗಿಯಲ್ಲಿ ಹೆಪ್ಪು ಹಾಕಿದ್ದೊಂದು. ತಿಂಗಳೊಪ್ಪತ್ತಿನಲ್ಲಿ ಎಲ್ಲ ವರದಿಗಳಲ್ಲೂ ಒಂದೇ ಸಾಲು ಕಾಣಿಸುತ್ತದೆ: ‘ಮೊಸರಿನ ಲ್ಯಾಕ್ಟೋಬ್ಯಾಸಿಲಸ್ ವ್ಯಾಂಕೋಮೈಸಿನ್‌ಗೆ ನಿರೋಧಕತೆ ತೋರಿದೆ, ಆದ್ದರಿಂದ ಅಪಾಯಕಾರಿ’. ನಾನೂ ಆರಂಭದ ವರ್ಷಗಳಲ್ಲಿ ಹುಡುಗಿಯರಿಂದ ಇದನ್ನೇ ಬರೆಸಿದ್ದೆ. ಅದು ತಪ್ಪು. ತಪ್ಪು ಎಲ್ಲಿದೆ, ಸರಿಯಾಗಿ ಅಳೆಯುವುದು ಹೇಗೆ ಎಂಬುದನ್ನು ಬಿ.ಎಸ್ಸಿ., ಎಂ.ಎಸ್ಸಿ. ವಿದ್ಯಾರ್ಥಿಗಳಿಗಾಗಿ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲೇ ಒಂದು ಮಾತು. ಮನೆಯ ಮೊಸರನ್ನೆಲ್ಲ ‘ಪ್ರೊಬಯಾಟಿಕ್’ ಎಂದು ಕರೆಯಬೇಡಿ. ತಕ್ಕ ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಪ್ರಯೋಜನ ಕೊಡುವ ಜೀವಂತ ಸೂಕ್ಷ್ಮಜೀವಿಗಳಷ್ಟೇ ಪ್ರೊಬಯಾಟಿಕ್ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಯ ತಜ್ಞರು 2001ರಲ್ಲಿ ಹೇಳಿದ್ದಾರೆ. ಅದಕ್ಕೆ ತಳಿ ಯಾವುದೆಂದು ಗೊತ್ತಿರಬೇಕು, ಪ್ರಯೋಜನ ಸಾಬೀತಾಗಿರಬೇಕು. ಗಡಿಗಿಯ ಮೊಸರಿನಲ್ಲಿರುವುದು ಪ್ರೊಬಯಾಟಿಕ್ ಆಗಬಲ್ಲ ಅಭ್ಯರ್ಥಿಗಳು. ಅಂಥ ಅಭ್ಯರ್ಥಿಯ ಸುರಕ್ಷತೆಗೆ ನಿರೋಧಕತೆಯ ಪರೀಕ್ಷೆ ಕಡ್ಡಾಯ. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2011ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದನ್ನು ಕೇಳುತ್ತದೆ.

ಹೆಜ್ಜೆ 1: ಪ್ರಶ್ನೆಯನ್ನು ಬಿಡಿಸಿಕೊಳ್ಳಿ

‘ನಿರೋಧಕತೆ ಇದೆಯೋ ಇಲ್ಲವೋ’ ಎಂದಷ್ಟೇ ಕೇಳಿದರೆ ಉತ್ತರಕ್ಕೆ ಬೆಲೆಯಿಲ್ಲ. ಕೇಳಬೇಕಾದವು ಮೂರು. ಎಷ್ಟು ಔಷಧಕ್ಕೆ ಜಗ್ಗುವುದಿಲ್ಲ? ಆ ಶಕ್ತಿ ಅದರ ಹುಟ್ಟುಗುಣವೋ, ನಡುವೆ ಗಳಿಸಿದ್ದೋ? ಗಳಿಸಿದ್ದಾದರೆ ಕರುಳಿನಲ್ಲಿರುವ ಇನ್ನೊಂದು ಬ್ಯಾಕ್ಟೀರಿಯಾಕ್ಕೆ ದಾಟಬಲ್ಲದೇ?

ವ್ಯಾಂಕೋಮೈಸಿನ್ ಉದಾಹರಣೆಯನ್ನೇ ನೋಡೋಣ. ಬ್ಯಾಕ್ಟೀರಿಯಾದ ಕೋಶಭಿತ್ತಿ ಕಟ್ಟುವ ಇಟ್ಟಿಗೆಯ ತುದಿಯಲ್ಲಿ ಸಾಮಾನ್ಯವಾಗಿ ಎರಡು ಡಿ-ಅಲನೈನ್‌ಗಳಿರುತ್ತವೆ. ವ್ಯಾಂಕೋಮೈಸಿನ್ ಹಿಡಿಯುವುದು ಆ ಜೋಡಿಯನ್ನೇ. ಪ್ಲಾಂಟಾರಮ್, ರ್‍ಯಾಮ್ನೋಸಸ್, ಕೇಸಿಯೈ, ರಾಯ್ಟರಿ, ಫರ್ಮೆಂಟಮ್ ಎಂಬ ಲ್ಯಾಕ್ಟೋಬ್ಯಾಸಿಲಸ್ ಪ್ರಭೇದಗಳಲ್ಲೂ ಲ್ಯೂಕೊನಾಸ್ಟಾಕ್, ಪೀಡಿಯೊಕಾಕಸ್‌ಗಳಲ್ಲೂ ಕೊನೆಯ ಅಲನೈನ್ ಇರುವ ಜಾಗದಲ್ಲಿ ಹುಟ್ಟಿನಿಂದಲೇ ಲ್ಯಾಕ್ಟೇಟ್ ಇರುತ್ತದೆ. ಔಷಧಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಇದು ಆ ಪ್ರಭೇದದ ಮೈಕಟ್ಟು. ಆಸ್ಪತ್ರೆಗಳಲ್ಲಿ ಹೆದರಿಸುವ ಎಂಟರೊಕಾಕಸ್‌ನ ವ್ಯಾಂಕೋಮೈಸಿನ್ ನಿರೋಧಕತೆ ಬೇರೆಯೇ ಕಥೆ. ಅಲ್ಲಿ ವ್ಯಾನ್-ಎ ಮುಂತಾದ ಜೀನ್‌ಗಳು ಹೊರಗಿನಿಂದ ಬಂದಿರುತ್ತವೆ, ಮುಂದಕ್ಕೂ ದಾಟುತ್ತವೆ. ಫಲಿತಾಂಶದ ಹಾಳೆಯಲ್ಲಿ ಎರಡಕ್ಕೂ ‘ನಿರೋಧಕ’ ಎಂಬ ಒಂದೇ ಪದ, ಅಪಾಯ ಮಾತ್ರ ಎರಡನೆಯದರಲ್ಲಿ. ಇನ್ನೊಂದು ಸಂಗತಿ: ಡೆಲ್ಬ್ರೂಕಿ ಮತ್ತು ಅಸಿಡೋಫಿಲಸ್ ಗುಂಪಿನ ಲ್ಯಾಕ್ಟೋಬ್ಯಾಸಿಲಸ್‌ಗಳು ವ್ಯಾಂಕೋಮೈಸಿನ್‌ಗೆ ಸಾಮಾನ್ಯವಾಗಿ ಬಾಗುತ್ತವೆ, ಅಂದರೆ ಅದರೆದುರು ಬೆಳೆಯಲಾರವು. ಅವುಗಳಲ್ಲಿ ನಿರೋಧಕತೆ ಕಂಡರೆ ನಿಜಕ್ಕೂ ಕಿವಿ ನಿಮಿರಬೇಕು. ಹೆಚ್ಚಿನ ಸಲ ಪ್ರಭೇದವನ್ನು ತಪ್ಪಾಗಿ ಗುರುತಿಸಿದ್ದೇ ಕಾರಣವಾಗಿರುತ್ತದೆ, ಮೊದಲು ಅದನ್ನು ನೋಡಿ.

ಜೆಂಟಾಮೈಸಿನ್, ಕ್ಯಾನಾಮೈಸಿನ್, ಸ್ಟ್ರೆಪ್ಟೊಮೈಸಿನ್‌ಗಳದ್ದು ಇದೇ ಬಗೆಯ ಮಾತು. ಈ ಔಷಧಗಳು ಕೋಶದೊಳಗೆ ಹೋಗಲು ಉಸಿರಾಟದ ಎಲೆಕ್ಟ್ರಾನ್ ಸರಪಳಿ ಹುಟ್ಟಿಸುವ ಬಲ ಬೇಕು. ಹುದುಗಿಸಿ ಬದುಕುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳಲ್ಲಿ ಆ ಬಲ ಕಡಿಮೆ, ಹಾಗಾಗಿ ಔಷಧ ಒಳಸೇರುವುದೇ ಕಡಿಮೆ.

ಕಣ್ಣಿಡಬೇಕಾದದ್ದು ಟೆಟ್ರಾಸೈಕ್ಲಿನ್, ಎರಿಥ್ರೊಮೈಸಿನ್, ಕ್ಲಿಂಡಾಮೈಸಿನ್, ಕ್ಲೋರಾಂಫೆನಿಕಾಲ್, ಆ್ಯಂಪಿಸಿಲಿನ್ ಮೇಲೆ. ಲ್ಯಾಕ್ಟೋಬ್ಯಾಸಿಲಸ್‌ಗಳು ಸಹಜವಾಗಿ ಇವಕ್ಕೆ ಬಾಗುತ್ತವೆ. ಬಾಗದೆ ನಿಂತರೆ ಎಲ್ಲಿಂದಲೋ ಜೀನ್ ಬಂದಿರುವ ಸಾಧ್ಯತೆ ದೊಡ್ಡದು.

ಹೆಜ್ಜೆ 2: ಮಾದರಿ ತರುವಾಗಲೇ ಕೇಳಿ ಬರೆದುಕೊಳ್ಳಿ

ಕ್ರಿಮಿಶುದ್ಧ ಡಬ್ಬಿಯಲ್ಲಿ 50 ಗ್ರಾಂನಷ್ಟು ಮೊಸರು ಸಾಕು. ಐಸ್ ಇಟ್ಟ ಪೆಟ್ಟಿಗೆಯಲ್ಲಿ ತನ್ನಿ. ಸಿಂದಗಿಯಿಂದ ಬಸ್ಸಿನಲ್ಲಿ ಬರುವಷ್ಟರಲ್ಲಿ ಏಪ್ರಿಲ್ ಬಿಸಿಲಿಗೆ ಮೊಸರು ಹುಳಿಯೇರುತ್ತದೆ, ಆಮ್ಲ ತಡೆಯದ ಸ್ಟ್ರೆಪ್ಟೊಕಾಕಸ್ ಹಿಂದೆ ಬಿದ್ದು ಬೇರೆಯವು ಮೇಲೇಳುತ್ತವೆ. ಪ್ರಯೋಗಾಲಯಕ್ಕೆ ಬಂದದ್ದು ಆ ಮನೆಯ ಮೊಸರಾಗಿ ಉಳಿದಿರುವುದಿಲ್ಲ.

ಡಬ್ಬಿಗಿಂತ ಮುಖ್ಯ ನಿಮ್ಮ ನೋಟ್‌ಬುಕ್. ಹಾಲು ಎಮ್ಮೆಯದೋ ಆಕಳದೋ, ಹೆಪ್ಪು ಎಷ್ಟು ದಿನದಿಂದ ನಡೆದು ಬಂದದ್ದು, ನಡುವೆ ಪ್ಯಾಕೆಟ್ ಮೊಸರಿನಿಂದ ಹೆಪ್ಪು ಬದಲಿಸಿದ್ದರೋ, ಕೇಳಿ. ಮರೆಯದೆ ಕೇಳಬೇಕಾದ ಇನ್ನೊಂದು ಪ್ರಶ್ನೆ: ಈಚೆಗೆ ದನಕ್ಕೆ ಕೆಚ್ಚಲು ಬಾವು ಬಂದಿತ್ತೇ, ಕೆಚ್ಚಲಿಗೆ ಔಷಧ ಏರಿಸಿದ್ದರೇ? ಅಂಥ ಚಿಕಿತ್ಸೆಯ ನಂತರ ಔಷಧದ ಹಾಳೆಯಲ್ಲಿ ಬರೆದಷ್ಟು ದಿನ ಹಾಲನ್ನು ಬಳಸಬಾರದು. ಬಳಸಿದರೆ ಏನಾಗುತ್ತದೆ ಎಂಬುದು ನಮ್ಮ ಹೆಣ್ಣುಮಕ್ಕಳಿಗೆ ಗೊತ್ತು: ‘ಹಾಲು ಹೆಪ್ಪಾಗ್ಲೇ ಇಲ್ರಿ’ ಎನ್ನುತ್ತಾರೆ. ಮೊಸರಿನ ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್ ಪೆನಿಸಿಲಿನ್‌ಗೆ ಬಲು ಸೂಕ್ಷ್ಮ, ಹಾಲಿನಲ್ಲಿ ಉಳಿದ ಅಲ್ಪ ಔಷಧಕ್ಕೂ ಅದರ ಬೆಳವಣಿಗೆ ಕುಗ್ಗುತ್ತದೆ. ಅಂಥ ಹಾಲಿನಲ್ಲೂ ಮತ್ತೆ ಮತ್ತೆ ಹೆಪ್ಪು ಹಾಕುತ್ತ ಹೋದರೆ ತಡೆದುಕೊಂಡ ಬ್ಯಾಕ್ಟೀರಿಯಾಗಳಷ್ಟೇ ಉಳಿಯುವ ದಾರಿ ತೆರೆಯುತ್ತದೆ. ಈ ಒಂದು ಪ್ರಶ್ನೆಯ ಉತ್ತರ ನಿಮ್ಮ ಕೋಷ್ಟಕಕ್ಕೆ ಅರ್ಥ ಕೊಡಬಲ್ಲದು.

ಹೆಜ್ಜೆ 3: ಬ್ಯಾಕ್ಟೀರಿಯಾ ಬೇರ್ಪಡಿಸುವುದು

10 ಗ್ರಾಂ ಮೊಸರನ್ನು 90 ಮಿ.ಲೀ. ಶುದ್ಧ ಲವಣದ್ರಾವಣದಲ್ಲಿ ಕಲಸಿ, ಹತ್ತರಷ್ಟು ದುರ್ಬಲಗೊಳಿಸುತ್ತ 10⁻⁷ವರೆಗೆ ಇಳಿಯಿರಿ. ಬೆಳೆಸುವ ಮಾಧ್ಯಮಗಳು ಎರಡು: ಕೋಲು ಆಕಾರದವಕ್ಕೆ ಎಂಆರ್‌ಎಸ್ ಅಗಾರ್, ಸ್ಟ್ರೆಪ್ಟೊಕಾಕಸ್ ಮತ್ತು ಲ್ಯಾಕ್ಟೊಕಾಕಸ್‌ಗಳಿಗೆ ಎಂ17 ಅಗಾರ್. ಎಂಆರ್‌ಎಸ್‌ನ ಪಿಎಚ್ ಅನ್ನು 5.4ರ ಸುತ್ತ ಇಳಿಸಿದರೆ ಬೇರೆಯವು ಹಿಂಜರಿಯುತ್ತವೆ. ಗಡಿಗಿಯ ಮೊಸರಿನಲ್ಲಿ ಯೀಸ್ಟ್ ಇದ್ದೇ ಇರುತ್ತದೆ, ನಿಸ್ಟಾಟಿನ್ ಸೇರಿಸಿ ತಡೆಯಿರಿ. 37 ಡಿಗ್ರಿಯಲ್ಲಿ, ಆಮ್ಲಜನಕವಿಲ್ಲದ ಜಾರಿನಲ್ಲಿ 48 ತಾಸು ಇಡಿ. ಎಣಿಕೆಗೆ 30ರಿಂದ 300 ಕಾಲನಿಗಳಿರುವ ತಟ್ಟೆ ಆರಿಸಿ. 10⁻⁶ ದ್ರಾವಣದ 0.1 ಮಿ.ಲೀ. ಹರಡಿದ ತಟ್ಟೆಯಲ್ಲಿ 84 ಕಾಲನಿ ಬಂದರೆ ಗ್ರಾಂಗೆ 8.4 × 10⁸.

ನಮ್ಮ ಊರಿಗೇ ಸಂಬಂಧಿಸಿದ ಎಚ್ಚರಿಕೆಯೊಂದಿದೆ. ಸಾಮಾನ್ಯ ಇನ್‌ಕ್ಯುಬೇಟರ್ ಬಿಸಿ ಮಾಡಬಲ್ಲದು, ತಂಪು ಮಾಡಲಾರದು. ಮೇ ತಿಂಗಳಲ್ಲಿ ವಿಜಯಪುರದ ಕೋಣೆಯೇ 40 ಡಿಗ್ರಿ ದಾಟಿದಾಗ 37ಕ್ಕೆ ಗುಂಡಿ ತಿರುಗಿಸಿಟ್ಟರೂ ಒಳಗಿರುವುದು 40ರ ಮೇಲೆಯೇ. ಒಳಗೊಂದು ಥರ್ಮಾಮೀಟರ್ ಇಟ್ಟು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಬರೆದುಕೊಳ್ಳಿ. ಪ್ರಾಜೆಕ್ಟನ್ನು ನವೆಂಬರ್–ಫೆಬ್ರುವರಿಯಲ್ಲಿ ಮುಗಿಸಿಕೊಂಡರೆ ಇನ್ನೂ ಒಳಿತು.

ಕಾಲನಿಗಳನ್ನು ನೋಟಕ್ಕೆ ಬೇರೆ ಬೇರೆಯಾಗಿರುವಂತೆ ಆರಿಸಿ ಎರಡು-ಮೂರು ಸಲ ಗೆರೆ ಎಳೆದು ಶುದ್ಧಮಾಡಿ. ಗ್ರಾಂ ಪಾಸಿಟಿವ್, ಕ್ಯಾಟಲೇಸ್ ನೆಗೆಟಿವ್ ಆದವನ್ನಷ್ಟೇ ಇಟ್ಟುಕೊಳ್ಳಿ. ಸೇಕಡಾ 20ರ ಗ್ಲಿಸರಾಲ್‌ನಲ್ಲಿ ಎರಡೆರಡು ಪ್ರತಿ ಫ್ರೀಜರಿಗೆ ಹೋಗಲಿ, ಒಂದು ರಾತ್ರಿ ಕರೆಂಟು ಹೋದರೆ ನಾಲ್ಕು ತಿಂಗಳ ದುಡಿಮೆ ಕೈಬಿಡುತ್ತದೆ.

ಹೆಜ್ಜೆ 4: ಹೆಸರು ಖಚಿತವಾಗದೆ ಮುಂದೆ ಹೋಗಬೇಡಿ

ಸಕ್ಕರೆ ಹುದುಗುವಿಕೆಯ ಪರೀಕ್ಷೆಗಳು ಕುಲದ ಅಂದಾಜು ಕೊಡುತ್ತವೆ, ಪ್ರಭೇದಕ್ಕೆ ಸಾಲವು. ಬ್ಯಾಕ್ಟೀರಿಯಾ ಗುರುತಿಸಲು ಬಳಸುವ 16ಎಸ್ ಆರ್‌ಎನ್‌ಎ ಜೀನನ್ನು 27ಎಫ್, 1492ಆರ್ ಪ್ರೈಮರ್‌ಗಳಿಂದ ವರ್ಧಿಸಿ ಸೀಕ್ವೆನ್ಸಿಂಗ್‌ಗೆ ಕಳಿಸಿ. ಪ್ಲಾಂಟಾರಮ್ ಮತ್ತು ಪೆಂಟೋಸಸ್ ಅನ್ನು 16ಎಸ್ ಬಿಡಿಸಲಾರದು, ಅಲ್ಲಿ ರೆಕ್-ಎ ಜೀನ್ ನೋಡಬೇಕು. ಇನ್ನೊಂದು ಗೊಂದಲ: 2020ರಲ್ಲಿ ಲ್ಯಾಕ್ಟೋಬ್ಯಾಸಿಲಸ್ ಕುಲವನ್ನು ಒಡೆದು 23 ಹೊಸ ಕುಲಗಳನ್ನು ಮಾಡಿದರು. ಹಳೆಯ ಪ್ಲಾಂಟಾರಮ್ ಈಗ ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್, ರ್‍ಯಾಮ್ನೋಸಸ್ ಲ್ಯಾಕ್ಟಿಕೇಸಿಬ್ಯಾಸಿಲಸ್, ರಾಯ್ಟರಿ ಮತ್ತು ಫರ್ಮೆಂಟಮ್ ಲಿಮೊಸಿಲ್ಯಾಕ್ಟೋಬ್ಯಾಸಿಲಸ್. ಡೆಲ್ಬ್ರೂಕಿ, ಅಸಿಡೋಫಿಲಸ್ ಹಳೆಯ ಮನೆಯಲ್ಲೇ ಉಳಿದಿವೆ. ಹಳೆಯ ಕೋಷ್ಟಕಗಳಲ್ಲಿ ಹಳೆಯ ಹೆಸರುಗಳೇ ಇರುವುದರಿಂದ ಎರಡನ್ನೂ ಗುರುತಿಟ್ಟುಕೊಳ್ಳಿ.

ಹೆಸರಿಗೆ ಇಷ್ಟು ಒತ್ತು ಏಕೆ? ಸುರಕ್ಷತೆಯ ಗಡಿರೇಖೆ, ಅಂದರೆ ಇದಕ್ಕಿಂತ ಹೆಚ್ಚು ಔಷಧ ತಾಳಿದರೆ ನಿರೋಧಕ ಎನ್ನುವ ಪ್ರಮಾಣ, ಪ್ರಭೇದದಿಂದ ಪ್ರಭೇದಕ್ಕೆ ಬದಲಾಗುತ್ತದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಇಎಫ್‌ಎಸ್‌ಎ ಇಟ್ಟಿರುವ ಟೆಟ್ರಾಸೈಕ್ಲಿನ್ ಗಡಿ ಅಸಿಡೋಫಿಲಸ್‌ಗೆ ಲೀಟರಿಗೆ 4 ಮಿಲಿಗ್ರಾಂ, ಪ್ಲಾಂಟಾರಮ್‌ಗೆ 32. ನಿಮ್ಮ ತಳಿಯ ಬೆಳವಣಿಗೆ 16ರಲ್ಲಿ ನಿಂತರೆ ಒಂದಕ್ಕೆ ಅದು ಗಂಭೀರ, ಇನ್ನೊಂದಕ್ಕೆ ಮಾಮೂಲು.

ಹೆಜ್ಜೆ 5: ಎಂಐಸಿ ಅಳೆಯುವುದು

ಬ್ಯಾಕ್ಟೀರಿಯಾದ ಕಣ್ಣಿಗೆ ಕಾಣುವ ಬೆಳವಣಿಗೆಯನ್ನು ನಿಲ್ಲಿಸುವ ಅತಿ ಕಡಿಮೆ ಔಷಧ ಪ್ರಮಾಣವೇ ಎಂಐಸಿ. ಹೆಚ್ಚಿನ ಕಾಲೇಜುಗಳಲ್ಲಿ ಇದರ ಬದಲಿಗೆ ಔಷಧದ ಬಿಲ್ಲೆ ಇಟ್ಟು ಸುತ್ತಲಿನ ಖಾಲಿ ವೃತ್ತವನ್ನು ಅಳೆದು, ಆಸ್ಪತ್ರೆಯ ರೋಗಾಣುಗಳಿಗಾಗಿ ಮಾಡಿದ ಕೋಷ್ಟಕದೊಂದಿಗೆ ಹೋಲಿಸುತ್ತಾರೆ. ಆ ಕೋಷ್ಟಕ ಇ. ಕೋಲಿ, ಸ್ಟ್ಯಾಫಿಲೊಕಾಕಸ್‌ಗಳಿಗೆ, ಅದೂ ಮುಲ್ಲರ್-ಹಿಂಟನ್ ಅಗಾರ್ ಮೇಲೆ. ಅನೇಕ ಲ್ಯಾಕ್ಟೋಬ್ಯಾಸಿಲಸ್‌ಗಳು ಆ ಅಗಾರ್ ಮೇಲೆ ನೆಟ್ಟಗೆ ಬೆಳೆಯುವುದೇ ಇಲ್ಲ. ಬೆಳೆಯದ್ದನ್ನು ‘ಔಷಧಕ್ಕೆ ಬಾಗಿತು’ ಎಂದು ಬರೆದ ವರದಿಗಳನ್ನು ನೋಡಿದ್ದೇನೆ. ಹಾಗೆಂದು ಎಂಆರ್‌ಎಸ್ ಬಳಸಿದರೆ ಇನ್ನೊಂದು ತೊಡಕು: ಅದರ ಆಮ್ಲೀಯತೆಯಲ್ಲಿ ಜೆಂಟಾಮೈಸಿನ್‌ನಂಥವು ಮಂಕಾಗುತ್ತವೆ, ಅದರಲ್ಲಿರುವ ಪೋಷಕಾಂಶಗಳು ಟ್ರೈಮೆಥೊಪ್ರಿಮ್ ಕೆಲಸವನ್ನು ಕೆಡಿಸುತ್ತವೆ. ಆಗ ಇಲ್ಲದ ನಿರೋಧಕತೆ ಇದ್ದಂತೆ ತೋರುತ್ತದೆ.

ಈ ಇಕ್ಕಟ್ಟಿಗೆ ಕಂಡುಕೊಂಡ ದಾರಿಯೇ ಎಲ್‌ಎಸ್‌ಎಂ ಮಾಧ್ಯಮ: ಐಸೊ-ಸೆನ್ಸಿಟೆಸ್ಟ್ ಬ್ರಾತ್ 90 ಭಾಗ, ಎಂಆರ್‌ಎಸ್ ಬ್ರಾತ್ 10 ಭಾಗ, ಪಿಎಚ್ 6.7. ಬೈಫಿಡೊಬ್ಯಾಕ್ಟೀರಿಯಂಗಾದರೆ ಸಿಸ್ಟೀನ್ ಸೇರಿಸಬೇಕು. 2010ರಲ್ಲಿ ಬಂದ ಐಎಸ್‌ಒ 10932 ಮಾನದಂಡ ನಿಂತಿರುವುದು ಇದರ ಮೇಲೆಯೇ. ಬಿಲ್ಲೆಯ ವಿಧಾನವನ್ನು ಮೊದಲ ಜರಡಿಯಾಗಿ ಇಟ್ಟುಕೊಳ್ಳಿ, ಬೇಡವೆನ್ನುವುದಿಲ್ಲ. ತೀರ್ಪು ಮಾತ್ರ ಎಂಐಸಿಯದು.

ಔಷಧದ ಮೂಲದ್ರಾವಣಕ್ಕೆ ಔಷಧ ಅಂಗಡಿಯ ಮಾತ್ರೆ ಪುಡಿಮಾಡಬೇಡಿ. ಶಕ್ತಿ ನಮೂದಿಸಿರುವ ಶುದ್ಧ ಪುಡಿ ಬೇಕು. ಬಾಟಲಿಯ ಮೇಲೆ ಮಿಲಿಗ್ರಾಂಗೆ 950 ಮೈಕ್ರೋಗ್ರಾಂ ಎಂದಿದೆ ಎಂದುಕೊಳ್ಳಿ. ಮಿ.ಲೀ.ಗೆ 1280 ಮೈಕ್ರೋಗ್ರಾಂ ಇರುವ 20 ಮಿ.ಲೀ. ದ್ರಾವಣಕ್ಕೆ ಬೇಕಾದದ್ದು 20 × 1280 ÷ 950, ಅಂದರೆ ಸುಮಾರು 26.9 ಮಿಲಿಗ್ರಾಂ. ತಕ್ಕಡಿಯಲ್ಲಿ ಕರಾರುವಾಕ್ಕಾಗಿ ಅಷ್ಟೇ ತೂಗಲು ಹೆಣಗಬೇಡಿ. ಸಿಕ್ಕಷ್ಟು ತೂಗಿ ದ್ರಾವಕವನ್ನು ಹೊಂದಿಸಿ: 28.5 ಮಿಲಿಗ್ರಾಂ ಬಂದರೆ 28.5 × 950 ÷ 1280, ಅಂದರೆ 21.15 ಮಿ.ಲೀ. ಎರಿಥ್ರೊಮೈಸಿನ್, ಕ್ಲೋರಾಂಫೆನಿಕಾಲ್‌ಗಳನ್ನು ಎಥನಾಲ್‌ನಲ್ಲಿ ಕರಗಿಸಿ. ಟೆಟ್ರಾಸೈಕ್ಲಿನ್‌ಗೆ ಬೆಳಕು ಆಗದು, ಫಾಯಿಲ್ ಸುತ್ತಿ. ಆ್ಯಂಪಿಸಿಲಿನ್ ಬೇಗ ಕೆಡುತ್ತದೆ, ಅದೇ ದಿನ ಮಾಡಿಕೊಳ್ಳಿ.

96 ಗುಳಿಗಳ ತಟ್ಟೆಯಲ್ಲಿ ಟೆಟ್ರಾಸೈಕ್ಲಿನ್ ಸಾಲು ಹೀಗೆ. ಮೂಲದ್ರಾವಣವನ್ನು ಎಲ್‌ಎಸ್‌ಎಂನಲ್ಲಿ ಹತ್ತರಷ್ಟು ತೆಳುಮಾಡಿ ಮಿ.ಲೀ.ಗೆ 128 ಮೈಕ್ರೋಗ್ರಾಂ (ಅಂದರೆ ಲೀಟರಿಗೆ 128 ಮಿಲಿಗ್ರಾಂ) ಮಾಡಿಕೊಳ್ಳಿ. ಒಂದನೆಯ ಗುಳಿಗೆ ಅದರ 100 ಮೈಕ್ರೋಲೀಟರ್ ಹಾಕಿ. ಎರಡರಿಂದ ಹನ್ನೊಂದರವರೆಗೆ ಬರಿಯ ಎಲ್‌ಎಸ್‌ಎಂ 50 ಮೈಕ್ರೋಲೀಟರ್, ಹನ್ನೆರಡನೆಯದಕ್ಕೆ 100. ಒಂದನೆಯದರಿಂದ 50 ತೆಗೆದು ಎರಡನೆಯದಕ್ಕೆ, ಕಲಸಿ ಅಲ್ಲಿಂದ 50 ಮೂರನೆಯದಕ್ಕೆ, ಹೀಗೆ ಹತ್ತನೆಯವರೆಗೆ. ಹತ್ತನೆಯದರಿಂದ ತೆಗೆದ 50 ಅನ್ನು ಚೆಲ್ಲಿ. ಇನ್ನು ಬ್ಯಾಕ್ಟೀರಿಯಾ: ತಟ್ಟೆಯಲ್ಲಿ ಹೊಸದಾಗಿ ಬೆಳೆದ ಕಾಲನಿಗಳನ್ನು ಲವಣದ್ರಾವಣದಲ್ಲಿ ಕದಡಿ 1 ಮ್ಯಾಕ್‌ಫರ್ಲೆಂಡ್ ಮಬ್ಬಿಗೆ ತನ್ನಿ, ಅದು ಮಿ.ಲೀ.ಗೆ ಸುಮಾರು 3 × 10⁸. ಎಲ್‌ಎಸ್‌ಎಂನಲ್ಲಿ 500 ಪಟ್ಟು ತೆಳುಮಾಡಿ, ಒಂದರಿಂದ ಹನ್ನೊಂದರವರೆಗಿನ ಗುಳಿಗಳಿಗೆ 50ರಂತೆ ಸೇರಿಸಿ. ಈಗ ಔಷಧ 64ರಿಂದ 0.125ವರೆಗೆ, ಬ್ಯಾಕ್ಟೀರಿಯಾ ಮಿ.ಲೀ.ಗೆ 3 × 10⁵. ಹನ್ನೊಂದನೆಯದು ಔಷಧವಿಲ್ಲದ ಬೆಳವಣಿಗೆಯ ಸಾಕ್ಷಿ, ಹನ್ನೆರಡನೆಯದು ಶುದ್ಧತೆಯ ಸಾಕ್ಷಿ.

ಸೇರಿಸಿದ ಕೂಡಲೇ ಹನ್ನೊಂದನೆಯದರಿಂದ 10 ಮೈಕ್ರೋಲೀಟರ್ ತೆಗೆದು 10 ಮಿ.ಲೀ. ಲವಣದ್ರಾವಣಕ್ಕೆ ಹಾಕಿ, ಅದರ 0.1 ಮಿ.ಲೀ. ಅನ್ನು ಎಂಆರ್‌ಎಸ್ ಮೇಲೆ ಹರಡಿ. ಸುಮಾರು 30 ಕಾಲನಿ ಬರಬೇಕು. 200 ಬಂದರೆ ಬ್ಯಾಕ್ಟೀರಿಯಾ ಅತಿಯಾಗಿದೆ, ಎಂಐಸಿ ಸುಳ್ಳೇ ಏರಿರುತ್ತದೆ. ಈ ಎಣಿಕೆಯನ್ನು ಬಿಟ್ಟುಬಿಡುವವರೇ ಹೆಚ್ಚು, ನನ್ನ ಅನುಭವದಲ್ಲಿ ಹೊಂದದ ಫಲಿತಾಂಶಗಳಲ್ಲಿ ಬಹುಪಾಲು ಕೆಟ್ಟಿರುವುದು ಇಲ್ಲಿಯೇ.

ತಟ್ಟೆಯನ್ನು ಒದ್ದೆ ಹತ್ತಿಯೊಡನೆ ಮುಚ್ಚಿದ ಜಾರಿನಲ್ಲಿ ಇಡಿ. ನಮ್ಮ ಒಣ ಹವೆಗೆ ಅಂಚಿನ ಗುಳಿಗಳು ಬತ್ತುತ್ತವೆ. 48 ತಾಸಿನ ನಂತರ ಹನ್ನೊಂದನೆಯದರೊಂದಿಗೆ ಹೋಲಿಸಿ ಓದಿ. ಬೇರೆ ಬೇರೆ ದಿನ ಮೂರು ಸಲ ಮಾಡಿ. ಒಂದು ಮೆಟ್ಟಿಲು, ಅಂದರೆ ಪಕ್ಕದ ಗುಳಿಯಷ್ಟು, ಹಿಂದೆಮುಂದೆ ಆಗುವುದು ಈ ವಿಧಾನದ ಸ್ವಭಾವ. ಹಾಗಾಗಿ ಗಡಿಗಿಂತ ಒಂದೇ ಮೆಟ್ಟಿಲು ಮೇಲಿದ್ದರೆ ಘೋಷಣೆ ಮಾಡಬೇಡಿ, ಮತ್ತೆ ಅಳೆಯಿರಿ. ಪ್ರತಿ ಸಲವೂ ಗುಣ ಗೊತ್ತಿರುವ ತಳಿಯೊಂದು ಜೊತೆಗಿರಲಿ. ಪ್ಯಾರಾಕೇಸಿಯೈ ಎಟಿಸಿಸಿ 334 (ಎಟಿಸಿಸಿ ಎಂದರೆ ಅಮೆರಿಕದ ತಳಿಭಂಡಾರ) ಇದಕ್ಕೆ ರೂಢಿಯಲ್ಲಿದೆ. ಚಂಡೀಗಢದ ಎಂಟಿಸಿಸಿ, ಕರ್ನಾಲ್‌ನ ಎನ್‌ಸಿಡಿಸಿ, ಪುಣೆಯ ಎನ್‌ಸಿಐಎಂ ತಳಿಭಂಡಾರಗಳಲ್ಲಿ ವಿಚಾರಿಸಿ, ಅರ್ಜಿಯನ್ನು ವಿಭಾಗದ ಹೆಸರಿನಲ್ಲಿ ಮೊದಲೇ ಹಾಕಿ.

ಹೆಜ್ಜೆ 6: ಗಡಿ ದಾಟಿದ್ದರ ಜೀನ್ ಹುಡುಕುವುದು

ಗಡಿ ದಾಟಿದ ತಳಿಗಳನ್ನಷ್ಟೇ ಇಲ್ಲಿಗೆ ತನ್ನಿ. ಡಿಎನ್‌ಎ ತೆಗೆಯುವಾಗ ಲೈಸೊಜೈಮ್ ಬೇಕೇ ಬೇಕು, ದಪ್ಪ ಕೋಶಭಿತ್ತಿ ಸುಮ್ಮನೆ ಒಡೆಯುವುದಿಲ್ಲ. ಟೆಟ್ರಾಸೈಕ್ಲಿನ್‌ಗೆ ಟೆಟ್-ಎಂ, ಟೆಟ್-ಎಸ್, ಟೆಟ್-ಡಬ್ಲ್ಯೂ, ಎರಿಥ್ರೊಮೈಸಿನ್‌ಗೆ ಅರ್ಮ್-ಬಿ ಜೀನ್‌ಗಳಿಗೆ ಪಿಸಿಆರ್ (ಬೇಕಾದ ಡಿಎನ್‌ಎ ತುಂಡನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ) ಮಾಡಿ. ಆ ಜೀನ್ ಇರುವುದು ಖಚಿತವಾದ ಡಿಎನ್‌ಎ ಪಕ್ಕದಲ್ಲಿ ಓಡದಿದ್ದರೆ ನಿಮ್ಮ ‘ಇಲ್ಲ’ ಎಂಬ ಉತ್ತರಕ್ಕೆ ಆಧಾರವಿಲ್ಲ.

ಜೀನ್ ಸಿಕ್ಕಿತು ಎಂಬಲ್ಲಿಗೇ ನಿಲ್ಲಬೇಡಿ. ಅದರ ಅಕ್ಕಪಕ್ಕ ಯಾರಿದ್ದಾರೆ ಎಂಬುದರಲ್ಲಿದೆ ಮೂರನೆಯ ಪ್ರಶ್ನೆಯ ಉತ್ತರ. ಟೆಟ್-ಎಂ ಎಷ್ಟೋ ಸಲ ಟಿಎನ್916 ಎಂಬ ಜಿಗಿಯುವ ತುಂಡಿನೊಂದಿಗೆ ಇರುತ್ತದೆ, ಆ ತುಂಡು ಒಂದು ಕೋಶದಿಂದ ಇನ್ನೊಂದಕ್ಕೆ ತಾನೇ ಹೋಗಬಲ್ಲದು. ರಾಯ್ಟರಿಯ ಕಥೆ ಇಲ್ಲಿ ಪಾಠದಂತಿದೆ. ಮಾರುಕಟ್ಟೆಯಲ್ಲಿದ್ದ ಎಟಿಸಿಸಿ 55730 ಎಂಬ ಅದರ ಪ್ರೊಬಯಾಟಿಕ್ ತಳಿಯಲ್ಲಿ ನಿರೋಧಕತೆಯ ಜೀನ್ ಹೊತ್ತ ಎರಡು ಪ್ಲಾಸ್ಮಿಡ್‌ಗಳು (ವರ್ಣತಂತುವಿನಿಂದ ಬೇರೆಯಾಗಿರುವ ಪುಟ್ಟ ಡಿಎನ್‌ಎ ಉಂಗುರಗಳು) ಸಿಕ್ಕವು. ಒಂದರಲ್ಲಿ ಟೆಟ್-ಡಬ್ಲ್ಯೂ, ಇನ್ನೊಂದರಲ್ಲಿ ಲಿಂಕೊಮೈಸಿನ್ ನಿರೋಧಕತೆ ಕೊಡುವ ಎಲ್‌ಎನ್‌ಯು-ಎ. ವಿಜ್ಞಾನಿಗಳು ಆ ಪ್ಲಾಸ್ಮಿಡ್‌ಗಳನ್ನು ತೆಗೆದುಹಾಕಿ, ಉಪಕಾರಿ ಗುಣಗಳು ಉಳಿದಿವೆಯೆಂದು ಪರೀಕ್ಷಿಸಿ, ಡಿಎಸ್‌ಎಂ 17938 ಎಂಬ ಮಗಳು ತಳಿಯನ್ನು ಪಡೆದರು. ಬೈಫಿಡೊಬ್ಯಾಕ್ಟೀರಿಯಂ ಲ್ಯಾಕ್ಟಿಸ್‌ನಲ್ಲಿ ಅದೇ ಟೆಟ್-ಡಬ್ಲ್ಯೂ ವರ್ಣತಂತುವಿನಲ್ಲೇ ಇದೆ, ಬಹುತೇಕ ಎಲ್ಲ ತಳಿಗಳಲ್ಲೂ ಇದೆ, ಪಕ್ಕದಲ್ಲಿ ಡಿಎನ್‌ಎ ತುಂಡನ್ನು ಜಿಗಿಸಬಲ್ಲ ಟ್ರಾನ್ಸ್‌ಪೊಸೇಸ್ ಜೀನೂ ಇದೆ. ಜೀನ್ ಒಂದೇ ಆದರೂ ಕುಳಿತ ಜಾಗಕ್ಕೆ ತಕ್ಕಂತೆ ಆತಂಕದ ತೂಕ ಬೇರೆ.

ಹಣ ಹೊಂದಿದರೆ ಒಂದೆರಡು ತಳಿಗಳ ಪೂರ್ಣ ಜಿನೋಮ್ ಓದಿಸಿ. ರೆಸ್‌ಫೈಂಡರ್, ಕಾರ್ಡ್ ಎಂಬ ದತ್ತಾಂಶಕೋಶಗಳಲ್ಲಿ ಉಚಿತವಾಗಿ ಹುಡುಕಬಹುದು. ಪ್ಲಾಸ್ಮಿಡ್, ಇಂಟಿಗ್ರೇಸ್, ಟ್ರಾನ್ಸ್‌ಪೊಸೇಸ್ ಗುರುತುಗಳನ್ನು ಕುಳಿತಲ್ಲೇ ನೋಡಬಹುದು. ನಿಮ್ಮ ತಳಿಯಿಂದ ಎಂಟರೊಕಾಕಸ್‌ಗೆ ಜೀನ್ ದಾಟಿಸಿ ನೋಡುವ ಪ್ರಯೋಗವನ್ನು ಮಾತ್ರ ಪದವಿ ಕಾಲೇಜಿನಲ್ಲಿ ಮಾಡಬೇಡಿ. ಯಶಸ್ವಿಯಾದರೆ ನಿಮ್ಮ ಕೈಯಲ್ಲಿರುವುದು ಹೊಸದಾಗಿ ನಿರೋಧಕತೆ ಪಡೆದ ರೋಗಕಾರಕ. ಅದಕ್ಕೆ ಜೈವಿಕ ಸುರಕ್ಷತೆಯ ಎರಡನೆಯ ಹಂತದ ಪ್ರಯೋಗಾಲಯ, ಸಮಿತಿಯ ಒಪ್ಪಿಗೆ, ಅನುಭವಿ ಮಾರ್ಗದರ್ಶಕರು ಬೇಕು.

ಕ್ಯಾಪ್ಸೂಲ್‌ಗಳನ್ನು ಪರೀಕ್ಷಿಸುವವರಿಗೆ

ಕೆಲವರು ಔಷಧ ಅಂಗಡಿಯ ಪ್ರೊಬಯಾಟಿಕ್ ತಂದು ಪರೀಕ್ಷಿಸುತ್ತಾರೆ. ವಿಧಾನ ಇದೇ, ಆದರೆ ಒಳಗಿರುವುದು ಏನೆಂದು ನೋಡಿಕೊಳ್ಳಿ. ಸ್ಯಾಕರೊಮೈಸಿಸ್ ಬೌಲಾರ್ಡಿ ಯೀಸ್ಟ್. ಬ್ಯಾಕ್ಟೀರಿಯಾ ಕೊಲ್ಲುವ ಔಷಧ ಅದಕ್ಕೆ ತಾಕುವುದೇ ಇಲ್ಲ, ಅದನ್ನು ‘ಬಹುಔಷಧ ನಿರೋಧಕ’ ಎಂದು ಬರೆಯುವುದು ಅಸಂಬದ್ಧ. ಬ್ಯಾಸಿಲಸ್ ಕ್ಲಾಸಿಯೈಯ ನಾಲ್ಕು ತಳಿಗಳಿರುವ ಉತ್ಪನ್ನದಲ್ಲಿ ಕ್ಲೋರಾಂಫೆನಿಕಾಲ್, ರಿಫಾಂಪಿಸಿನ್, ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್‌ಗಳಂಥ ಔಷಧಗಳನ್ನು ತಾಳುವ ತಳಿಗಳನ್ನು ಬೇಕೆಂದೇ ಆರಿಸಿದ್ದಾರೆ, ರೋಗಿ ಆ್ಯಂಟಿಬಯಾಟಿಕ್ ತೆಗೆದುಕೊಳ್ಳುವಾಗಲೂ ಅವು ಬದುಕಿರಲಿ ಎಂದು. ಅಲ್ಲಿಯೂ ಕೇಳಬೇಕಾದದ್ದು ಅದೇ ಮೂರನೆಯ ಪ್ರಶ್ನೆ.

ವರದಿ ಬರೆಯುವಾಗ

ಪ್ರಭೇದದ ಹೆಸರು, ಮಾಧ್ಯಮ, ಎಂಐಸಿ ಸಂಖ್ಯೆ, ಹೋಲಿಸಿದ ಗಡಿ ಮತ್ತು ಅದರ ವರ್ಷ, ಸಹಜವೋ ಗಳಿಸಿದ್ದೋ ಎಂಬ ನಿರ್ಣಯ, ಜೀನ್ ಮತ್ತು ಅದರ ನೆರೆಹೊರೆ, ಇಷ್ಟೂ ಒಂದೇ ಸಾಲಿನಲ್ಲಿ ಸಿಗಲಿ. ‘ನಿರೋಧಕ’ ಎಂಬ ಪದ ಒಂಟಿಯಾಗಿ ನಿಲ್ಲಬಾರದು. ಹತ್ತು ಮನೆಗಳ ಮೊಸರು ನೋಡಿ ‘ಬಾಗಲಕೋಟೆ ಜಿಲ್ಲೆಯ ಮೊಸರಿನಲ್ಲಿ ಸೇಕಡಾ ಇಷ್ಟು’ ಎಂದು ಬರೆಯಬೇಡಿ, ಹತ್ತು ಮನೆ ಎಂದೇ ಬರೆಯಿರಿ.

ತಟ್ಟೆಗಳನ್ನು 121 ಡಿಗ್ರಿಯಲ್ಲಿ ಆಟೊಕ್ಲೇವ್ ಮಾಡಿ. ಬ್ಯಾಕ್ಟೀರಿಯಾ ಸಾಯುತ್ತದೆ, ಜೆಂಟಾಮೈಸಿನ್‌ನಂಥ ಶಾಖ ತಾಳುವ ಔಷಧ ಉಳಿಯುತ್ತದೆ. ಅದನ್ನು ಸಿಂಕಿಗೆ ಸುರಿಯದೆ ಜೈವಿಕ ವೈದ್ಯಕೀಯ ತ್ಯಾಜ್ಯದವರಿಗೆ ಕೊಡಿ.

ಕೊನೆಗೆ ಮೊಸರು ಕೊಟ್ಟ ಮನೆಗೆ ಹೋಗಿ ಬನ್ನಿ. ‘ನಮ್ಮ ಮಸರು ಚಲೋ ಐತೇನ್ರಿ?’ ಎಂದು ಕೇಳುತ್ತಾರೆ. ವ್ಯಾಂಕೋಮೈಸಿನ್ ಹೆಸರೆತ್ತಿ ಹೆದರಿಸಬೇಡಿ. ರೊಟ್ಟಿಯೊಡನೆ ಮೊಸರು ಉಣ್ಣುವುದನ್ನು ನಿಲ್ಲಿಸಲು ನಿಮ್ಮ ಫಲಿತಾಂಶ ಕಾರಣವಲ್ಲ ಎಂದು ಹೇಳಿ. ಎಮ್ಮೆಗೆ ಕೆಚ್ಚಲು ಬಾವಿನ ಔಷಧ ಏರಿಸಿದಾಗ ಎಷ್ಟು ದಿನ ಹಾಲು ಬಿಡಬೇಕೆಂದು ಪಶುವೈದ್ಯರಿಂದ ಕೇಳಿ ಬರೆಸಿಕೊಳ್ಳಲು ತಿಳಿಸಿ. ಆ ದಿನಗಳ ಹಾಲಿಗೆ ಹೆಪ್ಪು ಹಾಕಬಾರದು, ಕರುವಿಗೂ ಕುಡಿಸಬಾರದು. ಹೆಪ್ಪು ಕೆಟ್ಟಿದ್ದರೆ ಔಷಧ ಮುಟ್ಟದ ಮನೆಯಿಂದ ಒಂದು ಚಮಚ ತಂದು ಹೊಸದಾಗಿ ಶುರು ಮಾಡಲಿ.